ಚಂದ್ರವಳ್ಳಿಯ ಮಣ್ಣಿನಲ್ಲಿ ತಿಬೇರಿಯನ ನಾಣ್ಯ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಚರಿತ್ರೆಯೆಂದೊಡನೆ ನಮ್ಮ ದೃಷ್ಟಿ ಮೇಲಕ್ಕೇ ಹೋಗುತ್ತದೆ: ನರಗುಂದದ ಗುಡ್ಡ, ಗಜೇಂದ್ರಗಡದ ಕೋಟೆ, ಸೂಡಿಯ ಗುಡಿಗಳು. ಅರಸರು ಕಟ್ಟಿಸಿದ್ದು ಕಣ್ಣೆದುರು ನಿಂತಿದೆ. ಸಾಮಾನ್ಯರು ಬಾಳಿದ್ದು ಮಣ್ಣಿನಡಿ ಸೇರಿದೆ.

ಯೇಸುಸ್ವಾಮಿ ಗಲಿಲೇಯದಲ್ಲಿ ಸಂಚರಿಸುತ್ತಿದ್ದ ಕಾಲಕ್ಕೆ ಕನ್ನಡ ನೆಲದಲ್ಲಿ ಜನ ಹೇಗೆ ಬದುಕಿದ್ದರು? ಉತ್ತರಕ್ಕಾಗಿ ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಗೆ ಹೋಗಬೇಕು. 1929ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಆ ಕಣಿವೆಯಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯೊಂದಿಗೆ ಇಲ್ಲಿಯೂ ಅಗೆಸಿದರು. ದೊರೆತದ್ದು ಅರಮನೆಯಲ್ಲ, ಶಾತವಾಹನರ ಕಾಲದ ಊರೊಂದರ ಮಡಕೆ ಚೂರುಗಳು, ಮಣಿಗಳು, ಸೀಸದ ನಾಣ್ಯಗಳು. ಅವುಗಳ ನಡುವೆ ರೋಮಿನ ಚಕ್ರವರ್ತಿ ತಿಬೇರಿಯನ ಬೆಳ್ಳಿ ನಾಣ್ಯವೂ ಇತ್ತು.

ಈ ಹೆಸರು ನಮಗೆ ಹೊಸದಲ್ಲ. ಸ್ನಾನಿಕ ಯೊವಾನ್ನನ ಬೋಧನೆ ಆರಂಭವಾದದ್ದು ಇವನ ಆಳ್ವಿಕೆಯ ಹದಿನೈದನೆಯ ವರ್ಷದಲ್ಲೆಂದು ಸಂತ ಲೂಕನು ಬರೆಯುತ್ತಾನೆ. ತೆರಿಗೆಯ ಪ್ರಶ್ನೆ ಬಂದಾಗ ಯೇಸುವಿಗೆ ತೋರಿಸಿದ ದಿನಾರಿಯೂ ಇವನದೇ ಇರಬೇಕೆಂದು ಅನೇಕ ವಿದ್ವಾಂಸರ ಊಹೆ.

ಆದರೆ ಅವಸರ ಬೇಡ. ಈ ನಾಣ್ಯ ಬಂದದ್ದು ವ್ಯಾಪಾರದ ದಾರಿಯಲ್ಲಿ. ಅದರೊಡನೆ ಶುಭಸಂದೇಶವೂ ಬಂದಿತೆಂದು ಹೇಳಲು ಅದು ಸಾಕ್ಷಿಯಾಗದು. ಭಕ್ತಿಯ ಭರದಲ್ಲಿ ನಾವು ಇಂತಹ ತಪ್ಪು ಮಾಡುವುದುಂಟು. ಅಲ್ಲದೆ, ಬೆಳ್ಳಿಯ ನಾಣ್ಯವನ್ನು ಜನ ತಲೆಮಾರುಗಟ್ಟಲೆ ಕಾಪಾಡಿಕೊಳ್ಳಬಲ್ಲರು. ಆದುದರಿಂದ ನಾಣ್ಯವೊಂದೇ ಊರಿನ ಕಾಲವನ್ನು ಖಚಿತವಾಗಿ ಹೇಳಲಾರದು. ವೀಲರ್ ಹೆಚ್ಚು ನಂಬಿದ್ದು ಮಡಕೆಯನ್ನು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ, ಒಳಮೈಗೆ ಸಣ್ಣ ಗೀರುಗಳ ವರ್ತುಲಗಳಿದ್ದ ತಟ್ಟೆಗಳು ಇಟಲಿಯ ಕೆಂಪು ಪಾತ್ರೆಗಳೊಂದಿಗೆ ಅವರಿಗೆ ಸಿಕ್ಕಿದ್ದವು. ಇಟಲಿಯ ಪಾತ್ರೆಗಳ ಕಾಲ ಗೊತ್ತಿತ್ತು. ಅಂತಹವೇ ತಟ್ಟೆಗಳು ಚಂದ್ರವಳ್ಳಿಯಲ್ಲಿಯೂ ಕಂಡಾಗ, ಕ್ರಿಸ್ತಶಕದ ಮೊದಲ ಶತಮಾನದ ಸುಮಾರಿಗೆ ಆ ಪದರವನ್ನು ಇಡಲು ಆಧಾರ ದೊರೆಯಿತು. ಒಡೆದ ತಟ್ಟೆಯೇ ಪಂಚಾಂಗವಾಯಿತು!

ನಮಗೆ ಇನ್ನೂ ಹತ್ತಿರದಲ್ಲಿ, ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿಯೂ ಉತ್ಖನನದಿಂದ ಶಾತವಾಹನ ಕಾಲದ ಪಟ್ಟಣವೊಂದು ಬೆಳಕಿಗೆ ಬಂದಿದೆ. ನಿಮ್ಮ ಊರ ಹೊರಗೆ, ಮಲಪ್ರಭೆಯ ದಂಡೆಯಲ್ಲೋ ಹಳ್ಳದ ಬದಿಯಲ್ಲೋ, ಮಡಕೆ ಚೂರು ಹರಡಿದ ದಿಬ್ಬವಿದ್ದರೆ ಗಮನಿಸಿರಿ. ಹಾಳುಮಣ್ಣು ಬೆಳೆಗೆ ಒಳ್ಳೆಯದೆಂದು ಅದನ್ನು ಹೊಲಕ್ಕೆ ಹೇರುವ ರೂಢಿ ನಮ್ಮಲ್ಲಿದೆ. ರೈತನನ್ನು ದೂರಲಾರೆ. ಆದರೆ ಟ್ರ್ಯಾಕ್ಟರಿನಲ್ಲಿ ಸಾಗಿದ ಮಣ್ಣಿನಿಂದ ನಾಳೆ ಇನ್ನೊಂದು ತಿಬೇರಿಯನ ನಾಣ್ಯ ಉದುರಿದರೂ, ಅದು ಯಾರ ಮನೆಯದು, ಯಾವ ಪದರದ್ದು ಎಂದು ಯಾರೂ ಹೇಳಲಾರರು.