ಅಭಯದಾನ ಮತ್ತು ಅದರ ನಿತ್ಯವೃತ್ತಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಾಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕನ್ನಡ ನಾಡಿನ ಶಾಸನಗಳು ಜೈನ ದಾನಿಗಳನ್ನು ಹೊಗಳುವಾಗ ‘ಆಹಾರಾಭಯಭೈಷಜ್ಯಶಾಸ್ತ್ರದಾನವಿನೋದ’ ಎಂಬ ವಿಶೇಷಣವನ್ನು ಮತ್ತೆ ಮತ್ತೆ ಬಳಸುತ್ತವೆ. ಈ ನಾಲ್ಕರಲ್ಲಿ ಅಭಯದ ರೀತಿ ಉಳಿದವುಗಳಿಗಿಂತ ಭಿನ್ನವಾದುದು. ಊಟವನ್ನು ಒಂದು ಹೊತ್ತು ಬಡಿಸಬಹುದು, ಔಷಧವನ್ನು ರೋಗ ತೀರುವವರೆಗೆ ಕೊಡಬಹುದು, ಗ್ರಂಥವನ್ನು ಒಮ್ಮೆ ಕೈಗಿತ್ತು ನಿಶ್ಚಿಂತರಾಗಬಹುದು. ಅಭಯವನ್ನು ಮಾತ್ರ ಹಾಗೆ ಕೊಟ್ಟು ಮುಗಿಸಲಾಗದು. ಇಂದು ಅಭಯ ಪಡೆದ ಜೀವಕ್ಕೆ ನಾಳೆಯೂ ಹಸಿವಾಗುತ್ತದೆ. ಮೂಕಪ್ರಾಣಿಗಳಿಗೆ ಆಶ್ರಯಧಾಮವನ್ನು ಕಟ್ಟಲು ಹೊರಡುವ ಸಮಾಜ ಮೊದಲು ಮನಗಾಣಬೇಕಾದ ಸತ್ಯವಿದು.

ಭದ್ರಾವತಿಯ ಘಟನೆ

ಈ ವಿಚಾರ ಶಿವಮೊಗ್ಗ ಜಿಲ್ಲೆಯ ಶ್ರಾವಕರಿಗೆ ದೂರದ್ದಲ್ಲ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬೀದಿನಾಯಿಗಳನ್ನು ಹಿಡಿದು ಹೂಳಲಾಗಿದೆ ಎಂಬ ಸಂಗತಿ ಬೆಳಕಿಗೆ ಬಂತು. ಪ್ರಾಣಿದಯಾಪರರು ದೂರು ಕೊಟ್ಟರು, ಗುಂಡಿಯನ್ನು ಅಗೆಸಿ ಕಳೇಬರಗಳನ್ನು ಹೊರತೆಗೆಯಲಾಯಿತು, ಹಲವರ ಬಂಧನವಾಯಿತು. ಸತ್ತ ನಾಯಿಗಳ ಸಂಖ್ಯೆ ನೂರನ್ನು ಮೀರಿತ್ತೆಂದು ಪತ್ರಿಕೆಗಳು ವರದಿ ಮಾಡಿದವು.

ಹಳ್ಳಿಗರ ಭಯ ಸುಳ್ಳಲ್ಲ. ರೇಬೀಸ್ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಅದಕ್ಕೆ ಬಲಿಯಾಗುವವರಲ್ಲಿ ಮಕ್ಕಳೂ ಬಹಳ. ಮೇಲೆ ಬೀಳುವ ಪ್ರಾಣಿಯಿಂದ ಮಗುವನ್ನು ಕಾಪಾಡುವಾಗ ಆಗುವ ಹಿಂಸೆಯನ್ನು ವಿರೋಧೀ ಹಿಂಸೆಯೆಂದು ಶಾಸ್ತ್ರಜ್ಞರು ಬೇರೆಯಾಗಿಯೇ ಎಣಿಸಿದ್ದಾರೆ. ಆದರೆ ಕಚ್ಚಿದ್ದನ್ನೂ ಕಚ್ಚದಿದ್ದನ್ನೂ ಒಟ್ಟಿಗೆ ಹಿಡಿದು ಗುಂಡಿಗೆ ಹಾಕುವುದು ಸಂಕಲ್ಪೀ ಹಿಂಸೆ. ಗೃಹಸ್ಥನ ಅಣುವ್ರತವೂ ಅದನ್ನು ಕ್ಷಮಿಸದು. ಇಷ್ಟನ್ನು ಹೇಳಿ ಜೈನ ಸಮಾಜ ಸುಮ್ಮನಾಗುವಂತಿಲ್ಲ. ಹಿಡಿದ ಪ್ರಾಣಿಯನ್ನು ಒಯ್ಯಲು ಒಂದು ಸ್ಥಳವಿಲ್ಲದ ಊರಿನಲ್ಲಿ ಗುಂಡಿಯೇ ಸುಲಭದ ದಾರಿಯಾಗಿ ಕಾಣುತ್ತದೆ. ಆ ಸ್ಥಳವನ್ನು ಒದಗಿಸುವ ಹೊಣೆ ಯಾರದು?

ನಾಡಿನ ಪೂರ್ವಪರಂಪರೆ

ನಾಯಿ ನೀಚಪ್ರಾಣಿ, ಗೋವಿಗೆ ಮಾತ್ರ ಆಶ್ರಯ ಸಾಕು ಎಂಬ ಭಾವನೆ ಕೆಲವರಲ್ಲಿದೆ. ಜೈನ ಸಾಹಿತ್ಯ ಅದನ್ನು ಒಪ್ಪುವುದಿಲ್ಲ. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಉಚ್ಚರಿಸಿದನು. ಅದು ಯಕ್ಷನಾಗಿ ಹುಟ್ಟಿ ಅವನ ಕಷ್ಟಕಾಲದಲ್ಲಿ ನೆರವಾಯಿತು. ಭಾಸ್ಕರ ಕವಿ 1424ರಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದನು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಅರಸನು ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಬಾಗಿಲಿಗೆ ಬಂದ ನಾಯಿ ಹಿಂದಿನ ಭವದಲ್ಲಿ ಯಾರಾಗಿತ್ತೋ ಎಂಬ ವಿವೇಕವನ್ನು ಈ ಕಥೆಗಳು ಕಲಿಸುತ್ತವೆ.

ಶಾಸನಗಳಲ್ಲಿಯೂ ನಾಯಿಗೆ ಸ್ಥಾನವಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಸೋಲಿಸಿದ ಕಾಲದಲ್ಲಿ ಮಣಲೆರನೆಂಬ ವೀರನು ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯನ್ನು ಜೈನರು ಮೆಚ್ಚಲಾರರು. ಗಮನಿಸಬೇಕಾದುದು ಮುಂದಿನ ಮಾತು: ಕಲ್ಲಿನ ಪೂಜೆ ನಡೆಯಲೆಂದು ಭೂಮಿಯನ್ನು ಬಿಟ್ಟರು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದು ಬರೆಸಿದರು. ಕಲ್ಲು ನಿಲ್ಲಿಸಿದರೆ ಸಾಲದು, ಅದರ ನಿತ್ಯಕಾರ್ಯಕ್ಕೆ ಆದಾಯವೂ ಹೊಣೆಗಾರನೂ ಬೇಕೆಂಬುದು ಆ ಕಾಲದವರಿಗೆ ತಿಳಿದಿತ್ತು.

ಹೊಂಬುಜದ ಶಾಸನಗಳಲ್ಲಿಯೂ ಇದೇ ಎಚ್ಚರ ಕಾಣುತ್ತದೆ. 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಇಂಥ ಬಸದಿಗಳಿಗೆ ದಾನ ಬಿಡುವಾಗ ಜೀರ್ಣೋದ್ಧಾರಕ್ಕೂ ಮುನಿಗಳ ಆಹಾರಕ್ಕೂ ಭೂಮಿಯನ್ನು ಸೇರಿಸಿ ಬಿಡುವುದು ನಾಡಿನ ಪದ್ಧತಿಯಾಗಿತ್ತು. ಇದನ್ನೇ ವೃತ್ತಿಯೆಂದು ಕರೆಯುವುದು.

ಖಂಭಾತದಿಂದ ಮುಂಬಯಿಗೆ

ಅಭಯಕ್ಕೆ ಹೀಗೆ ವೃತ್ತಿಯನ್ನು ಜೋಡಿಸಿ ಸಂಸ್ಥೆಯ ರೂಪ ಕೊಟ್ಟವರು ಗುಜರಾತಿನ ವರ್ತಕರು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಖಂಭಾತದ ಪಕ್ಷಿಗಳ ಆಸ್ಪತ್ರೆಯನ್ನು ನೋಡಿದನು. ಅಲ್ಲಿ ಕನ್ನಡಕ ಧರಿಸಿದ ಬಿಳಿಗಡ್ಡದ ವೃದ್ಧನೊಬ್ಬನು ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯಲ್ಲಿಟ್ಟು ಹಕ್ಕಿಯ ಗರಿಯಿಂದ ಹಾಲು ಕುಡಿಸುತ್ತಿದ್ದನೆಂದು ಬರೆದಿದ್ದಾನೆ. ಲಾಭವಿಲ್ಲದ ಪ್ರಾಣಿಗೆ ದಿನವೂ ಸಮಯ ಕೊಡುವ ಆ ವೃದ್ಧನೇ ಪಿಂಜರಾಪೋಲಿನ ಆತ್ಮ.

ಮುಂಬಯಿಯ ಚರಿತ್ರೆ ಭದ್ರಾವತಿಗೆ ಇನ್ನೂ ಹತ್ತಿರದ್ದು. ಅಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಕಂಪನಿ ಸರ್ಕಾರವು ಪೊಲೀಸರನ್ನು ನೇಮಿಸಿ, ಕೊಂದ ನಾಯಿಗೆ ಇಂತಿಷ್ಟೆಂದು ಹಣ ಕೊಡುತ್ತಿತ್ತು. 1832ರ ಜೂನ್ 6ರಂದು ಪಾರಸಿಗಳು ಸಿಡಿದೆದ್ದರು, ಹಿಂದೂ, ಜೈನ ವರ್ತಕರು ಜೊತೆಗೂಡಿದರು, ಅಂಗಡಿಗಳು ಮುಚ್ಚಿದವು. ಪ್ರತಿಭಟನೆ ಅಡಗಿದ ಮೇಲೆ ಮುಖಂಡರು ಮನೆಗೆ ಹೋಗಿ ಕೂರಲಿಲ್ಲ. 1834ರಲ್ಲಿ ಜೈನ ವರ್ತಕ ಮೋತೀಚಂದ್ ಅಮೀಚಂದರೂ ಪಾರಸಿ ವರ್ತಕ ಜಮ್‌ಷೇಟ್‌ಜಿ ಜೀಜೀಭಾಯಿಯವರೂ ಮುಂದೆ ನಿಂತು ಪಿಂಜರಾಪೋಲನ್ನು ಸ್ಥಾಪಿಸಿದರು. ಹತ್ತಿಯೇ ಮೊದಲಾದ ಸರಕುಗಳ ವಹಿವಾಟಿನ ಮೇಲೆ ವರ್ತಕರು ತಾವೇ ‘ಲಾಗಾ’ ಹಾಕಿಕೊಂಡರು. ಭಾವೋದ್ವೇಗದ ಚಂದಾ ಒಂದು ವರ್ಷಕ್ಕೆ ಬತ್ತುತ್ತದೆ. ವ್ಯಾಪಾರದೊಡನೆ ಹರಿಯುವ ಲಾಗಾ ಬತ್ತುವುದಿಲ್ಲ. ಆ ಸಂಸ್ಥೆ ಇಂದಿಗೂ ಉಳಿದಿದೆ.

ಐದು ಅತಿಚಾರಗಳು

ಆಶ್ರಯಧಾಮವಿದ್ದ ಮಾತ್ರಕ್ಕೆ ಅಹಿಂಸೆ ಸಾಧಿಸಿತೆಂದು ತಿಳಿಯಬಾರದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರು ತಡೆಯುವುದು ಎಂದು ಇವುಗಳ ಅರ್ಥ. ಪ್ರಾಣಿಗಳನ್ನು ಸಾಕುವವರಿಗೆಂದೇ ಬರೆದಂತಿರುವ ಈ ಪಟ್ಟಿಯ ಬಹುಭಾಗವನ್ನು 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯೂ ಅಪರಾಧವೆಂದು ಹೇಳುತ್ತದೆ. ಐವತ್ತಕ್ಕೆ ಸಾಲುವ ಜಾಗದಲ್ಲಿ ಇನ್ನೂರನ್ನು ತುಂಬಿದರೆ ದಯೆಯೇ ಬಂಧವಾಗುತ್ತದೆ. ಪರ್ಯೂಷಣದಲ್ಲಿ ಹಣ ಕೊಟ್ಟು ಬಿಡಿಸಿದ ಜೀವಗಳನ್ನು ಮೊದಲೇ ತುಂಬಿದ ಗೋಶಾಲೆಗೆ ಕಳಿಸಿ ಮರೆತರೆ ಅನ್ನಪಾನನಿರೋಧದಲ್ಲಿ ಪಾಲುದಾರರಾದಂತೆ.

ಛೇದದ ವಿಷಯದಲ್ಲಿ ಸಮಾಜದಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕೆಂದು 2001ರ ನಿಯಮಗಳು ವಿಧಿಸಿದವು. 2023ರ ನಿಯಮಗಳೂ ಅದನ್ನೇ ಮುಂದುವರಿಸಿದವು. ಇದು ನಿರ್ದೋಷವೆಂದು ಹೇಳಲಾಗದು. ಆದರೆ ಹಿಂಸೆಯ ಮೂಲ ಪ್ರಮಾದದಲ್ಲಿದೆ. ಅರಿವಳಿಕೆ ಕೊಟ್ಟು, ಗಾಯ ಮಾಯುವವರೆಗೆ ಉಪಚರಿಸುವ ಪಶುವೈದ್ಯನಲ್ಲಿ ಪ್ರಮಾದವಿಲ್ಲ. ಪ್ರತಿವರ್ಷ ಹುಟ್ಟಿ ರಸ್ತೆಯಲ್ಲಿ ಗಾಲಿಗೆ ಸಿಕ್ಕಿ ಸಾಯುವ ಮರಿಗಳನ್ನು ಕಂಡೂ ಕೈಕಟ್ಟಿ ಕೂರುವುದರಲ್ಲಿ ಪ್ರಮಾದವಿದೆ. ಗೃಹಸ್ಥಧರ್ಮದಲ್ಲಿ ಕಿರಿದಾದ ದೋಷವನ್ನು ಆಲೋಚನೆ, ಪ್ರತಿಕ್ರಮಣಗಳೊಡನೆ ಒಪ್ಪಿಕೊಳ್ಳಲು ಅವಕಾಶವಿದೆ.

ಆಹಾರದ ಪ್ರಶ್ನೆಯೂ ಇದೆ. ಹಾಲು, ಅನ್ನ, ರೊಟ್ಟಿಗಳಿಂದ ನಾಯಿಯನ್ನು ಸಾಕಬಹುದು; ಬೆಕ್ಕಿನ ದೇಹಕ್ಕೆ ಸಸ್ಯಾಹಾರ ಸಾಲದು. ದೆಹಲಿಯ ಲಾಲ್ ಮಂದಿರದ ಜೈನ ಪಕ್ಷಿ ಆಸ್ಪತ್ರೆ ಇಲ್ಲಿ ಮಾರ್ಗ ತೋರಿಸಿದೆ. ಮಾಂಸಾಹಾರಿ ಹಕ್ಕಿಗಳಿಗೂ ಅಲ್ಲಿ ಚಿಕಿತ್ಸೆ ಉಂಟು, ಒಳಗಿರಿಸಿಕೊಳ್ಳುವುದು ಮಾತ್ರ ಇಲ್ಲ. ತನ್ನ ಮಿತಿಯನ್ನು ತಿಳಿದು ನಡೆಯುವುದೂ ಸತ್ಯವ್ರತವೇ.

ಕಿರ್ದಿ ಮತ್ತು ಮನೆ

2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶಗಳಿಂದ ಈ ವಿಷಯ ಊರೂರಿಗೂ ಬಂದಿದೆ. ಚಿಕಿತ್ಸೆ, ಲಸಿಕೆಗಳ ನಂತರ ನಾಯಿಗಳನ್ನು ಅವುಗಳ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದ ಹಾಗೂ ಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಎಂದು ಆಗಸ್ಟ್ 22ರಂದು ಆದೇಶವಾಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ಹಿಡಿದವನ್ನು ಆಶ್ರಯಧಾಮಕ್ಕೆ ಸೇರಿಸಬೇಕೆಂದು ನವೆಂಬರ್ 7ರಂದು ಆದೇಶವಾಯಿತು. ಆಶ್ರಯಧಾಮವಿಲ್ಲದ ಊರಿನಲ್ಲಿ ಈ ಆದೇಶ ಜೀವಗಳ ಪಾಲಿಗೆ ಏನಾಗಬಹುದೆಂಬುದನ್ನು 2021ರ ಗುಂಡಿ ಮೊದಲೇ ತೋರಿಸಿದೆ.

ಇಲ್ಲಿ ವರ್ತಕಧರ್ಮ ಉಪಯೋಗಕ್ಕೆ ಬರುತ್ತದೆ. ಒಂದು ನಾಯಿಯನ್ನು ಒಳಗೆ ಸೇರಿಸಿಕೊಳ್ಳುವುದೆಂದರೆ ಹತ್ತು-ಹನ್ನೆರಡು ವರ್ಷಗಳ ಸಾಲಪತ್ರಕ್ಕೆ ಸಹಿ ಹಾಕಿದಂತೆ. ಆದ್ದರಿಂದ ಕಟ್ಟಡಕ್ಕಿಂತ ಮೊದಲು ಮೂಲನಿಧಿ ಬೇಕು. ಶಿವಮೊಗ್ಗ, ಭದ್ರಾವತಿಗಳ ಮಂಡಿ ಅಂಗಡಿಗಳಲ್ಲಿ ಒಂದು ಮೂಟೆ ಅಡಿಕೆಗೆ, ಒಂದು ಥಾನು ಬಟ್ಟೆಗೆ ಇಷ್ಟೆಂದು ಲಾಗಾ ಗೊತ್ತುಪಡಿಸಿಕೊಂಡರೆ ಮುಂಬಯಿಯ ಮೇಲ್ಪಂಕ್ತಿ ಇಲ್ಲಿಯೂ ನಡೆಯುತ್ತದೆ. ಹಣದ ಕಿರ್ದಿಯಂತೆಯೇ ಜೀವಗಳ ಕಿರ್ದಿಯೂ ಇರಬೇಕು: ಒಳಬಂದದ್ದೆಷ್ಟು, ಮನೆ ಸೇರಿದ್ದೆಷ್ಟು, ಸತ್ತದ್ದೆಷ್ಟು, ಶಿಲ್ಕು ಎಷ್ಟು. ಸಾವಿನ ಲೆಕ್ಕವನ್ನು ಮರೆಮಾಡುವ ಸಂಸ್ಥೆಗೆ ದಾನ ಕೊಡಬಾರದು.

ಹಳೆಯ ಪಿಂಜರಾಪೋಲುಗಳು ಸಾಯುವವರೆಗೆ ಇಟ್ಟುಕೊಳ್ಳುವುದನ್ನೇ ಧರ್ಮವೆಂದು ತಿಳಿದವು. ಮುದಿಯಾದ, ಅಂಗಹೀನವಾದ ಪ್ರಾಣಿಗಳಿಗೆ ಅದೇ ಸರಿ. ಆರೋಗ್ಯವಂತ ಮರಿಗೆ ಒಂದು ಮನೆಯೇ ಉತ್ತಮ ಆಶ್ರಯ. ಸಾಕಲು ಒಯ್ಯುವ ಕುಟುಂಬದಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಆಗಾಗ ಹೋಗಿ ನೋಡಬೇಕು. ಬೇಡವೆಂದವರು ಬೀದಿಗೆ ಬಿಡದೆ ಮರಳಿಸುವಂತಿರಬೇಕು. ಗೇಟಿಗೆ ಸರಪಳಿಯಿಂದ ಹಗಲಿರುಳೂ ಕಟ್ಟುವ ಮನೆಗೆ ಕೊಟ್ಟರೆ ಬಂಧದ ದೋಷ ಕೊಟ್ಟವರಿಗೂ ಬರುತ್ತದೆ. ಹೀಗೆ ಒಂದು ಜೀವ ಮನೆ ಸೇರಿದಾಗ ಇನ್ನೊಂದಕ್ಕೆ ಒಳಗೆ ಜಾಗವಾಗುತ್ತದೆ. ಅಭಯ ನಿಂತ ನೀರಾಗದೆ ಹರಿಯುತ್ತದೆ.

ಮಹಾವೀರ ಜಯಂತಿಯಂದು ಒಂದು ದಿನ ಕಸಾಯಿಖಾನೆ ಮುಚ್ಚಿಸುವುದು ಸುಲಭ. ವರ್ಷದ ಉಳಿದ ದಿನಗಳಲ್ಲಿ ಒಂದು ಬಾಗಿಲನ್ನು ತೆರೆದಿಡುವುದು ಕಠಿಣ. ಬಸದಿಯ ದೀಪಕ್ಕೆ ಎಣ್ಣೆಯ ವೃತ್ತಿಯನ್ನು ಬಿಟ್ಟ ಪೂರ್ವಿಕರ ಸಂತತಿಗೆ ಈ ಕಾರ್ಯ ಹೊಸದಲ್ಲ. ಪಂಚಾಯಿತಿಯವರು ನಾಯಿ ಹಿಡಿಯಲು ಹೊರಟ ದಿನ ‘ಕೊಲ್ಲಬೇಡಿ’ ಎನ್ನುವುದರ ಜೊತೆಗೆ ‘ಇಲ್ಲಿಗೆ ತನ್ನಿ’ ಎಂದೂ ಹೇಳುವ ಶಕ್ತಿ ಶ್ರಾವಕರಿಗೆ ಬಂದಾಗ ಅಭಯದಾನವೆಂಬ ಮಾತು ಸಾರ್ಥಕವಾಗುತ್ತದೆ.