ಸೋತ ಪಂದ್ಯವೊಂದು ಉಳಿಸಿಕೊಟ್ಟ ಬಾಗಿಲು

ಇವತ್ತು ಕ್ರಿಕೆಟ್ ಬಿಟ್ಟು ಬೇರೆ ಆಟದ ಇತಿಹಾಸಕ್ಕೆ ಹೋಗೋಣ. ಬ್ಯಾಸ್ಕೆಟ್‌ಬಾಲ್. ಅದರಲ್ಲೂ ಎನ್‌ಬಿಎ ಅಲ್ಲ, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್. ಅಮೆರಿಕದ ಟೀಮ್‌ಗಳ ಜೊತೆ ಕೆಲಸ ಮಾಡೋರಿಗೆ ಮಾರ್ಚ್ ಮೂರನೇ ವಾರ ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಗುರುವಾರ, ಶುಕ್ರವಾರ ಆ ಕಡೆಯವರು ಕಾಲ್‌ಗೆ ಬಂದರೂ ಮನಸ್ಸು ಬೇರೆಲ್ಲೋ ಇರುತ್ತೆ. ಒಬ್ಬರು "ನನ್ನ ಬ್ರಾಕೆಟ್ ಹೋಯ್ತು" ಅಂತಾರೆ, ಉಳಿದವರು ನಗ್ತಾರೆ, ನಾವು ಮ್ಯೂಟ್‌ನಲ್ಲಿ ಕೂತಿರ್ತೀವಿ.

ಆ ನಗುವಿನ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಹೆಸರೇ ಕೇಳಿರದ ಸಣ್ಣ ಕಾಲೇಜಿಗೆ ದೊಡ್ಡವರ ಜೊತೆ ಆಡೋ ಅವಕಾಶ ಕೊಡಬೇಕಾ, ಬೇಡವಾ? ಈ ಪ್ರಶ್ನೆಗೆ ಉತ್ತರ ಬರೆಯುವುದರಲ್ಲಿ ಒಂದು ಸೋತ ಪಂದ್ಯದ ಪಾಲು ದೊಡ್ಡದು. ಇವತ್ತಿನ ಕಥೆ ಅದೇ.

ಕಾನ್ಫರೆನ್ಸ್ ಅಂದ್ರೆ ಏನು

ಮೊದಲು ವ್ಯವಸ್ಥೆ ಅರ್ಥ ಮಾಡಿಕೊಳ್ಳೋಣ. ಇಲ್ಲಿ ಕಾನ್ಫರೆನ್ಸ್ ಅಂದರೆ ನಮ್ಮ ಕಾನ್ಫರೆನ್ಸ್ ಕಾಲ್ ಅಲ್ಲ. ಹತ್ತು ಹನ್ನೆರಡು ಕಾಲೇಜುಗಳು ಸೇರಿ ಮಾಡಿಕೊಂಡ ಒಂದು ಬಳಗ. ಎನ್‌ಸಿಎಎ ಅನ್ನೋ ಸಂಸ್ಥೆಯ ಮೊದಲ ದರ್ಜೆಯಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ, 30ಕ್ಕೂ ಹೆಚ್ಚು ಕಾನ್ಫರೆನ್ಸ್‌ಗಳಿವೆ. ಬಿಗ್ ಟೆನ್, ಎಸ್‌ಇಸಿ, ಎಸಿಸಿ ಇಂಥವು ಶ್ರೀಮಂತರ ಮನೆಗಳು. ಅಮೆರಿಕ ಈಸ್ಟ್, ನಾರ್ತ್‌ಈಸ್ಟ್, ಎಂಎಎಸಿ ಇಂಥವು ಸಣ್ಣ ಮನೆಗಳು. ಚಳಿಗಾಲ ಪೂರ್ತಿ ತಮ್ಮ ತಮ್ಮ ಮನೆಯೊಳಗೆ ಆಡಿ, ಮಾರ್ಚ್‌ನಲ್ಲಿ ರಾಷ್ಟ್ರೀಯ ನಾಕೌಟ್ ಟೂರ್ನಿ. ಒಂದು ಸಲ ಸೋತರೆ ಮನೆಗೆ.

ಟೂರ್ನಿ ಶುರುವಾಗಿದ್ದು 1939ರಲ್ಲಿ, ಎಂಟೇ ತಂಡಗಳಿಂದ. 1974ರ ತನಕ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ಅನ್ನೋ ನಿಯಮವಿತ್ತು. ಆ ವರ್ಷ ಎಸಿಸಿ ಫೈನಲ್‌ನಲ್ಲಿ ಮೇರಿಲ್ಯಾಂಡ್ ತಂಡ ಓವರ್‌ಟೈಮ್‌ನಲ್ಲಿ 103-100ರಿಂದ ಎನ್‌ಸಿ ಸ್ಟೇಟ್‌ಗೆ ಸೋತಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದರೂ ರಾಷ್ಟ್ರೀಯ ಟೂರ್ನಿಗೆ ಹೋಗಲಾಗಲಿಲ್ಲ. ಎನ್‌ಸಿ ಸ್ಟೇಟ್ ಮುಂದೆ ರಾಷ್ಟ್ರೀಯ ಚಾಂಪಿಯನ್ ಆಯಿತು. 1975ರಲ್ಲಿ ತಂಡಗಳ ಸಂಖ್ಯೆ 32ಕ್ಕೆ ಏರಿತು, ಒಂದೇ ಕಾನ್ಫರೆನ್ಸ್‌ನಿಂದ ಇನ್ನೊಂದು ತಂಡಕ್ಕೂ ಜಾಗ ಸಿಕ್ಕಿತು. ಅಂದರೆ ಬಾಗಿಲು ಅಗಲವಾಗಿದ್ದು ಮೊದಲು ದೊಡ್ಡವರಿಗಾಗಿ. 1985ರಲ್ಲಿ ಟೂರ್ನಿ 64 ತಂಡಕ್ಕೆ ಬಂತು. ನಾಲ್ಕು ಭಾಗ, ಪ್ರತಿ ಭಾಗದಲ್ಲಿ 1ರಿಂದ 16ರ ತನಕ ಶ್ರೇಯಾಂಕ. ಮೊದಲ ಸುತ್ತಿನಲ್ಲಿ 1ಕ್ಕೆ ಎದುರಾಳಿ 16.

ಆ 16ನೇ ಸ್ಥಾನಕ್ಕೆ ಬರುವವರು ಸಾಮಾನ್ಯವಾಗಿ ಸಣ್ಣ ಕಾನ್ಫರೆನ್ಸ್ ಚಾಂಪಿಯನ್‌ಗಳು. ಬರೋದು, ಮೂವತ್ತು ನಲವತ್ತು ಪಾಯಿಂಟಿನಿಂದ ಹೊಡೆಸಿಕೊಳ್ಳೋದು, ಹೋಗೋದು. 1988ರಲ್ಲಿ ಐವಿ ಲೀಗ್ ಚಾಂಪಿಯನ್ ಕಾರ್ನೆಲ್ ಅರಿಜೋನಾ ವಿರುದ್ಧ ಸೋತಿದ್ದು 90-50ರಿಂದ. ಆಗ ಒಂದು ಮಾತು ಜೋರಾಯ್ತು: ಇವರಿಗೆ ನೇರ ಪ್ರವೇಶ ಯಾಕೆ? ಆ ಜಾಗವನ್ನು ದೊಡ್ಡ ಕಾನ್ಫರೆನ್ಸಿನ ಐದನೇ, ಆರನೇ ತಂಡಕ್ಕೆ ಕೊಟ್ಟರೆ ಆಟ ಚೆನ್ನಾಗಿರುತ್ತಲ್ಲ?

ಈ ವಾದ ನಮಗೆ ಹೊಸದೇನಲ್ಲ. ಒಂದೇ ಯೂನಿವರ್ಸಿಟಿ, ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ. ಆದರೆ ಕಂಪನಿಗಳು ಬರೋದು ಬೆಂಗಳೂರಿನ ನಾಲ್ಕಾರು ಕಾಲೇಜಿಗೆ. ಜಿಲ್ಲೆಯ ಕಾಲೇಜಿನ ಹುಡುಗ ಹುಡುಗಿಯರು ಬಸ್ ಹತ್ತಿ ಯಾವುದೋ ದೊಡ್ಡ ಕ್ಯಾಂಪಸ್‌ನ ಪೂಲ್ ಡ್ರೈವ್‌ಗೆ ಹೋಗಿ ಕೊನೆಯ ಸಾಲಲ್ಲಿ ಕೂತು ಟೆಸ್ಟ್ ಬರೀಬೇಕು. ನಾನೂ ಹಾಗೆ ಬರೆದವನೇ. ಕೆಲಸ ಸಿಗೋದು ಬಿಡೋದು ಆಮೇಲಿನ ಮಾತು, ಮೊದಲು ಕೂರೋಕೆ ಒಂದು ಕುರ್ಚಿ ಬೇಕು. ನೇರ ಪ್ರವೇಶ ಅನ್ನೋದು ಆ ಕುರ್ಚಿ.

ಮಾರ್ಚ್ 17, 1989

ಆ ವರ್ಷ ಐವಿ ಲೀಗ್‌ನಿಂದ ಬಂದಿದ್ದು ಪ್ರಿನ್ಸ್‌ಟನ್. ಓದಿನಲ್ಲಿ ಅದು ಸಣ್ಣ ಕಾಲೇಜಲ್ಲ, ನಿಮಗೇ ಗೊತ್ತು. ಆದರೆ ಐವಿ ಲೀಗ್ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡೋದಿಲ್ಲ, ಹಾಗಾಗಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರು ಬಡವರೇ. ಶ್ರೇಯಾಂಕ 16. ಎದುರಾಳಿ ಬಿಗ್ ಈಸ್ಟ್‌ನ ಜಾರ್ಜ್‌ಟೌನ್, ಶ್ರೇಯಾಂಕ 1. ಅವರಲ್ಲಿ ಅಲಾಂಜೊ ಮೋರ್ನಿಂಗ್ ಅನ್ನೋ ಆರೂಮುಕ್ಕಾಲು ಅಡಿ ದಾಟಿದ ಮೊದಲ ವರ್ಷದ ಹುಡುಗ, ಮುಂದೆ ಎನ್‌ಬಿಎ ತಾರೆ ಆದವನು.

ಪ್ರಿನ್ಸ್‌ಟನ್ ಕೋಚ್ ಪೀಟ್ ಕ್ಯಾರಿಲ್. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಊರಿನ ಉಕ್ಕಿನ ಕಾರ್ಖಾನೆ ಕಾರ್ಮಿಕನ ಮಗ, ಗಿಡ್ಡ ಆಳು. ಅವರ ಉಪಾಯ ಸರಳ: ಓಡಬೇಡಿ. ಆಗ ಶಾಟ್ ಕ್ಲಾಕ್ 45 ಸೆಕೆಂಡ್, ಅಂದರೆ ಚೆಂಡು ಸಿಕ್ಕ ಮೇಲೆ ಬುಟ್ಟಿಗೆ ಎಸೆಯೋಕೆ ಅಷ್ಟು ಸಮಯ. ಅಷ್ಟನ್ನೂ ಬಳಸಿ, ಪಾಸ್ ಮಾಡ್ತಾ ಇರಿ. ಎದುರಾಳಿ ಚೆಂಡು ಕಸಿಯೋಕೆ ಮುಂದೆ ನುಗ್ಗಿದ ಕ್ಷಣ, ಅವನ ಬೆನ್ನ ಹಿಂದಿನಿಂದ ಬುಟ್ಟಿಯ ಕಡೆ ನುಸುಳಿ. ಇದಕ್ಕೆ ಬ್ಯಾಕ್‌ಡೋರ್ ಕಟ್ ಅಂತಾರೆ, ಅಂದರೆ ಹಿತ್ತಲ ಬಾಗಿಲಿನಿಂದ ಬರೋದು.

ಇದರ ಹಿಂದೆ ಗಣಿತ ಇದೆ. ಬಲಶಾಲಿ ತಂಡದ ಮೇಲುಗೈ ಪ್ರತಿ ಸರದಿಯಲ್ಲೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತೆ. ಸರದಿಗಳು ಹೆಚ್ಚಿದ್ದಷ್ಟೂ ಬಲಶಾಲಿಯೇ ಗೆಲ್ಲುವ ಸಾಧ್ಯತೆ ಹೆಚ್ಚು. ಸ್ವಲ್ಪ ವಾಲಿದ ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ವಾಲಿದ್ದು ಗೊತ್ತಾಗುತ್ತೆ, ಹತ್ತು ಸಲ ಚಿಮ್ಮಿದರೆ ಏನು ಬೇಕಾದರೂ ಆಗಬಹುದು. ಕ್ಯಾರಿಲ್ ಮಾಡಿದ್ದು ಅದೇ, ನಾಣ್ಯ ಚಿಮ್ಮುವ ಲೆಕ್ಕ ಕಮ್ಮಿ ಮಾಡಿದರು.

ಅರ್ಧ ಆಟಕ್ಕೆ ಪ್ರಿನ್ಸ್‌ಟನ್ 29-21ರಿಂದ ಮುಂದೆ. ಟಿವಿ ಮುಂದೆ ಇದ್ದವರೆಲ್ಲ ಕೂತಲ್ಲೇ ಕೂತರು. ಕೊನೆಗೆ ಜಾರ್ಜ್‌ಟೌನ್ 50, ಪ್ರಿನ್ಸ್‌ಟನ್ 49. ಕೊನೆಯ ಕ್ಷಣಗಳಲ್ಲಿ ಪ್ರಿನ್ಸ್‌ಟನ್‌ನ ಎರಡು ಪ್ರಯತ್ನಗಳನ್ನು ಮೋರ್ನಿಂಗ್ ತಡೆದ. ಫೌಲ್ ಆಗಿತ್ತಾ ಇಲ್ಲವಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೆ ಒಂದು ದಿನ ಮೊದಲಷ್ಟೇ ಇನ್ನೊಂದು 16ನೇ ಶ್ರೇಯಾಂಕದ ತಂಡ ಈಸ್ಟ್ ಟೆನ್ನೆಸ್ಸೀ ಸ್ಟೇಟ್, ಒಕ್ಲಹೋಮಾ ವಿರುದ್ಧ 72-71ರಿಂದ ಸೋತಿತ್ತು. ಎರಡು ದಿನ, ಎರಡು ಪಂದ್ಯ, ಎರಡೂ ಒಂದೇ ಪಾಯಿಂಟ್.

ಸೋತರು, ಸರಿ. ಆದರೆ ಅದಾದ ಮೇಲೆ ಇವರಿಗೆ ಕುರ್ಚಿ ಯಾಕೆ ಅನ್ನೋ ವಾದದ ಬಲ ಕುಂದಿತು. ಅದೇ ವರ್ಷದ ಕೊನೆಗೆ ಸಿಬಿಎಸ್ ಇಡೀ ಟೂರ್ನಿಯ ಹಕ್ಕುಗಳನ್ನು ಏಳು ವರ್ಷಕ್ಕೆ 100 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಒಂದು ಪಂದ್ಯದಿಂದಲೇ ಅಷ್ಟು ಹಣ ಬಂತು ಅಂತ ನಾನು ಹೇಳಲ್ಲ. ಆದರೆ ಮೊದಲ ಸುತ್ತನ್ನೂ ಜನ ಉಸಿರು ಹಿಡಿದು ನೋಡ್ತಾರೆ ಅಂತ ಆ ರಾತ್ರಿ ಎಲ್ಲರಿಗೂ ಗೊತ್ತಾಗಿತ್ತು.

ಮನೆಯೊಳಗೆ ಐದು ಮತ್ತು ನೂರು, ಹೊರಗೆ ನೂರೈದು

ಈಗ ಅಭಿಮಾನಿಗಳ ಕಡೆ ಬರೋಣ. ಜನವರಿ, ಫೆಬ್ರವರಿಯಲ್ಲಿ ದಾಯಾದಿಗಳ ಹಾಗೆ ಕಚ್ಚಾಡೋರು, ಮಾರ್ಚ್ ಬಂದಕೂಡಲೇ ತಮ್ಮನ್ನು ಸೋಲಿಸಿದ ತಂಡಕ್ಕೇ ಜೈ ಅಂತಾರೆ. ವನವಾಸದಲ್ಲಿ ಗಂಧರ್ವರು ದುರ್ಯೋಧನನನ್ನು ಹಿಡಿದಾಗ ಧರ್ಮರಾಯ ಹೇಳಿದ್ದು ನೆನಪಿದೆಯಲ್ಲ? ನಮ್ಮ ನಮ್ಮಲ್ಲಿ ಜಗಳವಾದರೆ ನಾವು ಐದು, ಅವರು ನೂರು. ಹೊರಗಿನವರು ಬಂದರೆ ನಾವು ನೂರೈದು. ಕಾನ್ಫರೆನ್ಸ್ ಅಭಿಮಾನ ಅಂದರೆ ಇದೇ.

ಇದರಲ್ಲಿ ಬರೀ ಭಾವನೆ ಇಲ್ಲ, ದುಡ್ಡೂ ಇದೆ. ಟೂರ್ನಿಯಲ್ಲಿ ತಂಡ ಆಡುವ ಪಂದ್ಯಗಳಿಗೆ, ಫೈನಲ್ ಒಂದನ್ನು ಬಿಟ್ಟು, ಯೂನಿಟ್ ಅನ್ನೋ ಲೆಕ್ಕದಲ್ಲಿ ಹಣ ಬರುತ್ತೆ. ಅದು ಹೋಗೋದು ಕಾಲೇಜಿಗಲ್ಲ, ಕಾನ್ಫರೆನ್ಸ್‌ಗೆ. ಆರು ವರ್ಷ ಕಂತಿನಲ್ಲಿ. ಇತ್ತೀಚಿನ ವರ್ಷಗಳಲ್ಲಿ ಒಂದು ಯೂನಿಟ್ ಅಂದರೆ ಆರು ವರ್ಷಕ್ಕೆ ಒಟ್ಟು ಸುಮಾರು 20 ಲಕ್ಷ ಡಾಲರ್. ಪಕ್ಕದ ಮನೆಯವನು ಗೆದ್ದರೆ ನಿಮ್ಮ ಕಾಲೇಜಿನ ಜಿಮ್‌ಗೂ ಸುಣ್ಣ ಬಣ್ಣ ಆಗಬಹುದು.

ಈ ಅಭಿಮಾನಕ್ಕೆ ಕಹಿ ರುಚಿಯೂ ಇದೆ. 2006ರಲ್ಲಿ ಸಿಎಎ ಕಾನ್ಫರೆನ್ಸ್‌ನ ಜಾರ್ಜ್ ಮೇಸನ್ ತಂಡವನ್ನು ಆಯ್ಕೆ ಸಮಿತಿ ಒಳಗೆ ಬಿಟ್ಟಿತು. ಸಣ್ಣ ಕಾನ್ಫರೆನ್ಸ್‌ಗಳಿಗೆ ಇಷ್ಟೊಂದು ಜಾಗ ಯಾಕೆ ಅಂತ ಟಿವಿ ವಿಶ್ಲೇಷಕ ಬಿಲ್ಲಿ ಪ್ಯಾಕರ್ ತಗಾದೆ ತೆಗೆದರು. ಇನ್ನೊಂದು ಕಡೆ, ಅದೇ ಕಾನ್ಫರೆನ್ಸ್‌ನ ಹಾಫ್‌ಸ್ಟ್ರಾ ತಂಡ ಸ್ವಲ್ಪ ದಿನದ ಹಿಂದಷ್ಟೇ ಜಾರ್ಜ್ ಮೇಸನ್‌ನ್ನು ಎರಡು ಸಲ ಸೋಲಿಸಿತ್ತು, ಅವರಿಗೆ ಕರೆ ಬರಲಿಲ್ಲ. 11ನೇ ಶ್ರೇಯಾಂಕದ ಜಾರ್ಜ್ ಮೇಸನ್ ಮಿಷಿಗನ್ ಸ್ಟೇಟ್, ನಾರ್ತ್ ಕ್ಯಾರೊಲಿನಾ, ವಿಚಿಟಾ ಸ್ಟೇಟ್ ಎಲ್ಲರನ್ನೂ ದಾಟಿ, ಯುಕಾನ್ ತಂಡವನ್ನು ಓವರ್‌ಟೈಮ್‌ನಲ್ಲಿ 86-84ರಿಂದ ಸೋಲಿಸಿ ಕೊನೆಯ ನಾಲ್ಕಕ್ಕೆ ತಲುಪಿತು. ಹಾಫ್‌ಸ್ಟ್ರಾದವರ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ. ಆ ಗೆಲುವು ನಿಮ್ಮ ವಾದವನ್ನೂ ಸಾಬೀತು ಮಾಡಿತು, ಆದರೆ ನೀವು ಮನೆಯಲ್ಲಿ ಕೂತು ನೋಡಬೇಕಾಯಿತು.

ನಮ್ಮಲ್ಲೂ ಇಂಥ ದಿನ ಇದೆ. ಬಾಂಬೆ ಸತತ 15 ಸಲ ರಣಜಿ ಗೆದ್ದ ಮೇಲೆ, 1973-74ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಅವರನ್ನು ತಡೆಯಿತು, ಆಮೇಲೆ ಕಪ್ಪನ್ನೂ ತಂದಿತು. ಮುಂಬೈ ಆಫೀಸಿನ ಕ್ಯಾಂಟೀನಲ್ಲಿ ಹಿರಿಯರೊಬ್ಬರು ಸಿಕ್ಕರೆ ಪ್ರಸನ್ನ, ವಿಶ್ವನಾಥ್ ಹೆಸರು ತೆಗೆದು ನೋಡಿ, ಮುಖ ಹೇಗಾಗುತ್ತೆ ಅಂತ.

135 ಸೋಲುಗಳ ನಂತರ

ಪ್ರಿನ್ಸ್‌ಟನ್ ಬಾಗಿಲನ್ನು ಉಳಿಸಿತು. ಒಳಗೆ ಹೋಗಿ ಗೆದ್ದವರು ಯಾರು? ಅದಕ್ಕೆ 29 ವರ್ಷ ಕಾಯಬೇಕಾಯಿತು. 1985ರಿಂದ 16ನೇ ಶ್ರೇಯಾಂಕದ ತಂಡಗಳು 1ರ ವಿರುದ್ಧ ಆಡಿದ್ದು 135, ಸೋತಿದ್ದು 135.

2018ರ ಮಾರ್ಚ್ 16. ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ಯೂನಿವರ್ಸಿಟಿಯ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್. ಎಂಎಸ್‌ಗೆ ಅರ್ಜಿ ಹಾಕಿದವರು ಈ ಹೆಸರು ಕೇಳಿರ್ತೀರಿ. ಅಲ್ಲಿ ತನಕ ಆ ಕಾಲೇಜು ಟ್ರೋಫಿ ಗೆಲ್ಲುವುದಕ್ಕೆ ಹೆಸರಾಗಿದ್ದು ಚೆಸ್‌ನಲ್ಲಿ. ಅದೇ ಜನವರಿಯಲ್ಲಿ ಈ ತಂಡ ತನ್ನದೇ ಕಾನ್ಫರೆನ್ಸ್‌ನ ಆಲ್ಬನಿಗೆ 83-39ರಿಂದ ಸೋತಿತ್ತು, 44 ಪಾಯಿಂಟ್ ಅಂತರ! ವರ್ಮಾಂಟ್ ವಿರುದ್ಧ ಸತತ 23 ಸಲ ಸೋತಿತ್ತು. ಅಂಥ ವರ್ಮಾಂಟ್‌ನ್ನು ಕಾನ್ಫರೆನ್ಸ್ ಫೈನಲ್‌ನಲ್ಲಿ, ಜೈರಸ್ ಲೈಲ್ಸ್ ಕೊನೆ ಕ್ಷಣದಲ್ಲಿ ದೂರದಿಂದ ಎಸೆದ ಶಾಟಿನಿಂದ, 65-62ರಲ್ಲಿ ಸೋಲಿಸಿತು. ನೇರ ಪ್ರವೇಶ ಇಲ್ಲದಿದ್ದರೆ ಇವರನ್ನು ಯಾವ ಸಮಿತಿಯೂ ಕರೀತಿರಲಿಲ್ಲ.

ಎದುರಿಗೆ ವರ್ಜೀನಿಯಾ, ಇಡೀ ಟೂರ್ನಿಯ ಅಗ್ರ ತಂಡ, ಆ ವರ್ಷ 31 ಗೆಲುವು, ಎರಡೇ ಸೋಲು. ಅವರ ರಕ್ಷಣೆ ಎಷ್ಟು ಗಟ್ಟಿ ಅಂದರೆ ಎದುರಾಳಿಗೆ ಇಡೀ ಪಂದ್ಯದಲ್ಲಿ ಸರಾಸರಿ 55 ಪಾಯಿಂಟೂ ಬಿಟ್ಟುಕೊಡುತ್ತಿರಲಿಲ್ಲ. ಅರ್ಧ ಆಟಕ್ಕೆ 21-21. ಉಳಿದ ಅರ್ಧದಲ್ಲೇ ಯುಎಂಬಿಸಿ 53 ಪಾಯಿಂಟ್ ಹೊಡೆಯಿತು. ಲೈಲ್ಸ್ ಒಬ್ಬನದೇ 28. ಕೊನೆಗೆ 74-54. ಅದೃಷ್ಟದ ಒಂದು ಪಾಯಿಂಟ್ ಗೆಲುವಲ್ಲ, 20 ಪಾಯಿಂಟಿನ ಗೆಲುವು.

2022ರಲ್ಲಿ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್. ನಮ್ಮವರ ಇಂಡಿಯಾ ಸ್ಕ್ವೇರ್ ಇರುವ ಅದೇ ಊರು. ತಂಡದ ಚಿಹ್ನೆ ನವಿಲು, ಶ್ರೇಯಾಂಕ 15. ಮೊದಲ ಸುತ್ತಿನಲ್ಲೇ ಕೆಂಟಕಿಯನ್ನು 85-79ರಿಂದ ಮನೆಗೆ ಕಳಿಸಿತು. ಕೆಂಟಕಿ ಕೋಚ್‌ನ ವಾರ್ಷಿಕ ಸಂಬಳವೇ 80 ಲಕ್ಷ ಡಾಲರ್ ದಾಟಿತ್ತು. ಆಮೇಲೆ ಮರ್ರೀ ಸ್ಟೇಟ್, ಪರ್ಡ್ಯೂ. ಕೊನೆಯ ಎಂಟಕ್ಕೆ ತಲುಪಿದ ಮೊದಲ 15ನೇ ಶ್ರೇಯಾಂಕದ ತಂಡ ಅದು. 2023ರಲ್ಲಿ ಪರ್ಡ್ಯೂಗೆ ಮತ್ತೆ ಶಾಕ್. ಏಳಡಿ ನಾಲ್ಕಿಂಚಿನ ಝಾಕ್ ಈಡಿ ಇದ್ದ ಆ ತಂಡವನ್ನು, ಮೊದಲ ದರ್ಜೆಯಲ್ಲೇ ಅತಿ ಗಿಡ್ಡ ತಂಡವಾಗಿದ್ದ ಫೇರ್ಲಿ ಡಿಕಿನ್ಸನ್ 63-58ರಿಂದ ಸೋಲಿಸಿತು. ತಮಾಷೆ ಅಂದರೆ ಅವರು ತಮ್ಮ ಕಾನ್ಫರೆನ್ಸ್ ಫೈನಲ್‌ನಲ್ಲಿ ಸೋತಿದ್ದರು. ಗೆದ್ದ ಮೆರಿಮ್ಯಾಕ್ ಕಾಲೇಜು ಮೊದಲ ದರ್ಜೆಗೆ ಹೊಸದಾಗಿ ಬಂದಿದ್ದರಿಂದ ನಿಯಮದ ಪ್ರಕಾರ ಟೂರ್ನಿಗೆ ಹೋಗುವ ಹಾಗಿರಲಿಲ್ಲ.

ಗೆದ್ದ ಮೇಲೆ ಏನಾಗುತ್ತೆ

ಇಲ್ಲಿಂದ ಕಥೆ ಸ್ವಲ್ಪ ಭಾರವಾಗುತ್ತೆ. ಸೇಂಟ್ ಪೀಟರ್ಸ್ ಕೋಚ್ ಶಹೀನ್ ಹಾಲೊವೇ ಟೂರ್ನಿ ಮುಗಿದ ಕೆಲವೇ ದಿನಗಳಲ್ಲಿ ತಾನು ಓದಿದ ಸೀಟನ್ ಹಾಲ್‌ಗೆ ಹೋದರು. ಮುಖ್ಯ ಆಟಗಾರರೂ ಬೇರೆ ಬೇರೆ ಕಾಲೇಜಿಗೆ ಚದುರಿದರು. ಫೇರ್ಲಿ ಡಿಕಿನ್ಸನ್ ಕೋಚ್ ಐಯೋನಾಗೆ ಹೋದರು. ಯಾರನ್ನೂ ಬೈಯೋಕಾಗಲ್ಲ. ಒಳ್ಳೆ ಆಫರ್ ಬಂದಾಗ ನಾವು ಪೇಪರ್ ಹಾಕಲ್ವಾ? ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು, ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅನ್ನೋ ನಿಯಮಗಳು 2021ರಲ್ಲಿ ಬಂದವು. ದಶಕಗಳ ಕಾಲ ಹುಡುಗರ ಬೆವರಿನಿಂದ ಬೇರೆಯವರು ಮಾತ್ರ ಗಳಿಸಿದ್ದರು, ಆದ್ದರಿಂದ ಇದು ನ್ಯಾಯವೇ. ಆದರೆ ಅದರ ಬೆಲೆಯಲ್ಲಿ ಒಂದು ಪಾಲನ್ನು ಸಣ್ಣ ಕಾಲೇಜು ಕಟ್ಟುತ್ತಿದೆ. ಹುಡುಗನನ್ನು ಬೆಳೆಸೋದು ಇಲ್ಲಿ, ಅವನು ಗೆಲ್ಲೋದು ಅಲ್ಲಿ.

ಪರಿಣಾಮ ಕಾಣಿಸ್ತಾ ಇದೆ. 2025ರಲ್ಲಿ ಕೊನೆಯ 16ಕ್ಕೆ ಬಂದ ತಂಡಗಳೆಲ್ಲ ನಾಲ್ಕೇ ದೊಡ್ಡ ಕಾನ್ಫರೆನ್ಸ್‌ಗಳಿಗೆ ಸೇರಿದ್ದವು. ಎಸ್‌ಇಸಿ ಒಂದರಿಂದಲೇ ಏಳು. ಹೊಸ್ತಿಲ ಆ ಕಡೆಯ ನೆಲ ಇಳಿಜಾರಾಗ್ತಿದೆ. ಇವರಿಗೆ ಕುರ್ಚಿ ಯಾಕೆ ಅನ್ನೋ 1980ರ ದಶಕದ ಪ್ರಶ್ನೆ ಮತ್ತೆ ಕೇಳಿಬಂದರೆ ನನಗೆ ಆಶ್ಚರ್ಯ ಆಗಲ್ಲ. ಆಗ ಕೊಡೋಕೆ ನನ್ನ ಹತ್ತಿರ ಇರುವ ಉತ್ತರ 135 ಅನ್ನೋ ಸಂಖ್ಯೆ. ಡೇಟಾ ಮಾತ್ರ ನೋಡೋರು ನೂರನೇ ಸೋಲಿಗೇ ಆ ಪ್ರಯೋಗ ನಿಲ್ಲಿಸಿಬಿಡುತ್ತಿದ್ದರು. ನಿಲ್ಲಿಸಿದ್ದರೆ 136ನೆಯದು ನಡೆಯುತ್ತಲೇ ಇರಲಿಲ್ಲ.

ಕೊನೆಗೆ ಒಂದು ಸಂಗತಿ ಹೇಳಿ ಮುಗಿಸ್ತೀನಿ. ಅಷ್ಟು ಹೀನಾಯವಾಗಿ ಸೋತ ವರ್ಜೀನಿಯಾ ಮರುವರ್ಷವೇ, 2019ರಲ್ಲಿ, ರಾಷ್ಟ್ರೀಯ ಚಾಂಪಿಯನ್ ಆಯಿತು. ಮತ್ತೆ 2025ರಲ್ಲಿ ಅವರಿಗೆ ಹೊಸ ಕೋಚ್ ಬೇಕಾದಾಗ ಕರೆದಿದ್ದು ಯಾರನ್ನ ಗೊತ್ತಾ? ರಯಾನ್ ಓಡಮ್‌ರನ್ನ. 2018ರ ಆ ರಾತ್ರಿ ಯುಎಂಬಿಸಿ ಬೆಂಚ್‌ನಲ್ಲಿದ್ದ ಕೋಚ್ ಅವರೇ.

ನಿಮ್ಮ ಕಾಲೇಜು, ನಿಮ್ಮ ಜಿಲ್ಲೆ ಯಾವುದಾದರೂ ಆಟದಲ್ಲಿ ಹೀಗೆ ದೊಡ್ಡವರನ್ನು ಮಣಿಸಿದ್ದರೆ ಕಮೆಂಟ್‌ನಲ್ಲಿ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.