1 ದಿನದ ಪ್ರವಾಹ, 50 ವರ್ಷದ ರಿಪೇರಿ

ಇವತ್ತು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗೋಣ, 1966ರ ನವೆಂಬರ್ 4ಕ್ಕೆ. ಅವತ್ತು ಸರ್ಕಾರಿ ರಜೆ. ಬೆಳಗಿನ ಜಾವ ಆರ್ನೋ ನದಿ ದಂಡೆ ಮೀರಿ ಊರೊಳಗೆ ನುಗ್ಗಿತು. ಕೆಲವು ಕಡೆ ನೀರು 6 ಮೀಟರ್ ದಾಟಿತ್ತು. ಚಳಿಗಾಲಕ್ಕೆ ಅಂತ ಮನೆಮನೆಯಲ್ಲೂ ಎಣ್ಣೆ ತುಂಬಿಸಿಟ್ಟಿದ್ರು, ಅದೂ ನೀರಿಗೆ ಸೇರಿತು. ಹಾಗಾಗಿ ಬಂದಿದ್ದು ಬರೀ ನೀರಲ್ಲ, ಎಣ್ಣೆ ಕಲಸಿದ ಕೆಸರು.

ವಿಚಿತ್ರ ಏನಂದ್ರೆ, 1333ರಲ್ಲೂ ಇದೇ ನವೆಂಬರ್ 4ರಂದು ಇದೇ ನದಿ ಈ ಊರನ್ನು ಮುಳುಗಿಸಿತ್ತು. ಆದರೂ 20ನೇ ಶತಮಾನದಲ್ಲಿ ರಾಷ್ಟ್ರೀಯ ಗ್ರಂಥಾಲಯ ಕಟ್ಟಿದ್ದು ನದಿಯ ಪಕ್ಕದಲ್ಲೇ. ಅಪರೂಪದ ಹಳೇ ಪುಸ್ತಕಗಳನ್ನು ಇಟ್ಟಿದ್ದು ಎಲ್ಲಿ? ನೆಲಮಾಳಿಗೆಯಲ್ಲಿ!

ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಪತ್ರಿಕೆ, ಕಾಗದಪತ್ರ ನೆನೆದವು. ಜೊತೆಗೆ ಕ್ಯಾಟಲಾಗ್ ಕಾರ್ಡ್‌ಗಳೂ. ಬಿಕಾಂ ಓದಿದ ನನಗೆ ಎದೆ ಧಸಕ್ ಅಂದಿದ್ದು ಇಲ್ಲೇ. ಗೋಡೌನಿನ ಜೊತೆ ಸ್ಟಾಕ್ ರಿಜಿಸ್ಟರೂ ಮುಳುಗಿದರೆ, ಏನು ಹೋಯ್ತು ಅಂತ ಲೆಕ್ಕ ಹಾಕೋದಾದ್ರೂ ಹೇಗೆ?

ದೇಶವಿದೇಶಗಳಿಂದ ವಿದ್ಯಾರ್ಥಿಗಳು ಬಂದರು. ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸುತ್ತಾ ಪುಸ್ತಕಗಳನ್ನು ಮೇಲಕ್ಕೆ ತಂದರು. ಜನ ಅವರನ್ನು ‘ಕೆಸರಿನ ದೇವತೆಗಳು’ ಅಂತ ಕರೆದರು. ಈ ಕಥೆಯನ್ನ ಎಲ್ಲರೂ ಹೇಳ್ತಾರೆ. ಆದರೆ ನನಗೆ ಆಮೇಲಿನ ಕಥೆಯೇ ಮುಖ್ಯ. ಅಷ್ಟು ಪುಸ್ತಕಗಳನ್ನು ಒಣಗಿಸೋದು ಹೇಗೆ? ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡೋ ಬ್ಯಾರನ್‌ಗಳನ್ನು ನೋಡಿರ್ತೀರಲ್ಲ, ಅಂಥವೇ ಅಲ್ಲೂ ಇದ್ದವು. ಪುಸ್ತಕಗಳನ್ನು ಅಲ್ಲಿಗೇ ಸಾಗಿಸಿದರು. ಕಾಗದ ಒಣಗಿತೇನೋ ಹೌದು, ಆದರೆ ಜೋರು ಶಾಖಕ್ಕೆ ಚರ್ಮದ ರಟ್ಟು ಸುರುಟಿಕೊಳ್ಳುತ್ತೆ, ಕೆಸರು ಗಟ್ಟಿಯಾಗಿ ಹಾಳೆಗೆ ಹಾಳೆ ಅಂಟಿಕೊಳ್ಳುತ್ತೆ. ಈಗಾದರೆ ತಕ್ಷಣ ಒಣಗಿಸಲಾಗದ ಪುಸ್ತಕಗಳನ್ನು ಫ್ರೀಜ್ ಮಾಡಿಟ್ಟುಬಿಡ್ತಾರೆ. ಬೂಷ್ಟು ಬೆಳೆಯಲ್ಲ, ಯೋಚನೆ ಮಾಡೋಕೆ ಟೈಮೂ ಸಿಗುತ್ತೆ.

ರಿಪೇರಿಗೆ ಬಂದ ತಜ್ಞರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಒಬ್ಬರು. ಗಟ್ಟಿ ಹಲಗೆ ಇಲ್ಲದೆ, ಬರೀ ಮೆತ್ತನೆಯ ಚರ್ಮದ ಹಾಳೆಯಿಂದ ಹೊದಿಸಿದ್ದ ಹಳೇ ಪುಸ್ತಕಗಳು ಈ ನೀರನ್ನ ಚೆನ್ನಾಗಿ ತಡೆದುಕೊಂಡಿದ್ದನ್ನು ಅವರು ಗಮನಿಸಿದರು. ಅಂಟು ಕಡಿಮೆ, ಹೊಲಿಗೆ ಜಾಸ್ತಿ. ಶತಮಾನಗಳ ಹಿಂದಿನ ಆ ಸಾದಾ ಬೈಂಡಿಂಗನ್ನೇ ಇವತ್ತಿನ ಸಂರಕ್ಷಕರು ಮತ್ತೆ ಕಲಿತರು.

ಎಲ್ಲವೂ ಹಾಗೆ ಉಳಿಯಲಿಲ್ಲ. ಸಾಂತಾ ಕ್ರೋಚೆಯಲ್ಲಿದ್ದ, ಚಿತ್ರಕಾರ ಚಿಮಾಬುವೆ ಬರೆದ 13ನೇ ಶತಮಾನದ ಶಿಲುಬೆ ಸುಮಾರು 60% ಬಣ್ಣ ಕಳೆದುಕೊಂಡಿತು. ಹೋದ ಜಾಗದಲ್ಲಿ ಹೊಸ ಚಿತ್ರ ಬರೆದು ಮುಚ್ಚಲಿಲ್ಲ. ಸಣ್ಣ ಸಣ್ಣ ಬಣ್ಣದ ಗೆರೆಗಳನ್ನ ಎಳೆದರು ಅಷ್ಟೇ. ದೂರದಿಂದ ನೋಡಿದರೆ ಕಣ್ಣಿಗೆ ಚುಚ್ಚಲ್ಲ, ಹತ್ತಿರ ಹೋದರೆ ಎಷ್ಟು ಹೋಗಿದೆ ಅಂತ ಗೊತ್ತಾಗುತ್ತೆ. ಇದು ಪ್ರಾಮಾಣಿಕ ಲೆಕ್ಕ ಅಂತ ನನಗನ್ನಿಸುತ್ತೆ.

ಅಲ್ಲೇ ಇದ್ದ ವಸಾರಿಯ ‘ಕೊನೆಯ ಭೋಜನ’ ಚಿತ್ರ 12 ಗಂಟೆಗೂ ಹೆಚ್ಚು ನೀರಲ್ಲಿತ್ತು. ಬಣ್ಣ ಉದುರದಂತೆ ತೆಳು ಕಾಗದ ಅಂಟಿಸಿ ಎತ್ತಿಟ್ಟರು. ಸರಿಪಡಿಸೋ ವಿದ್ಯೆ ಬರಲಿ ಅಂತ ದಶಕಗಟ್ಟಲೆ ಕಾದರು. 2016ರಲ್ಲಿ ಅದು ಸಾಂತಾ ಕ್ರೋಚೆಗೆ ವಾಪಸ್ ಬಂತು. ಈಗ ಅದಕ್ಕೊಂದು ಯಂತ್ರ ಜೋಡಿಸಿದ್ದಾರೆ. ಆರ್ನೋ ಉಕ್ಕುವ ಸೂಚನೆ ಸಿಕ್ಕರೆ ಇಡೀ ಚಿತ್ರವನ್ನೇ ಮೇಲಕ್ಕೆ ಎತ್ತಬಹುದು.